ಹಮ್ಮಿಂಗ್ ಬರ್ಡ್ ಬೇಕಾದವರಿಗೆ, ಎರೆಭೂತದ ಊರಿಂದ

ಮೊದಲು ಒಂದು ಸಣ್ಣ ಬಗ್ ಫಿಕ್ಸ್ ಮಾಡಿಬಿಡೋಣ. ಭಾರತದಲ್ಲಿ ಹಮ್ಮಿಂಗ್ ಬರ್ಡ್ ಇಲ್ಲ. ಒಂದೂ ಇಲ್ಲ. 360ಕ್ಕೂ ಹೆಚ್ಚು ಜಾತಿಯ ಹಮ್ಮಿಂಗ್ ಬರ್ಡುಗಳಿವೆ, ಅಷ್ಟೂ ಇರೋದು ಅಮೆರಿಕ ಖಂಡಗಳಲ್ಲಿ. ನೀವು ವೀಕೆಂಡಿಗೆ ಸಕಲೇಶಪುರಕ್ಕೋ ದಾಂಡೇಲಿಗೋ ಹೋಗಿ, ದಾಸವಾಳದ ಮೇಲೆ ಕೂತ ಹೆಬ್ಬೆರಳುದ್ದದ ಹಕ್ಕಿಯ ಫೋಟೋ ಹೊಡೆದು 'ಫೈನಲಿ, ಹಮ್ಮಿಂಗ್ ಬರ್ಡ್!' ಅಂತ ಸ್ಟೇಟಸ್ ಹಾಕಿದಿರಲ್ಲ, ಅದು ಸೂರಕ್ಕಿ. ಸಂಜೆ ಹೊತ್ತಲ್ಲಿ ಹೂವಿನ ಮುಂದೆ ಗಾಳಿಯಲ್ಲೇ ನಿಂತು ಗುಂಯ್ ಅಂತಿದ್ದದ್ದು ಆಗಿದ್ದರೆ ಅದು ಹಕ್ಕಿಯೂ ಅಲ್ಲ, ಪತಂಗ.

'ಹೆಸರಲ್ಲೇನಿದೆ ಬಿಡ್ರೀ, ಖುಷಿ ಮುಖ್ಯ' ಅಂತ ನಮ್ಮ ಟೀಮಿನವರೇ ಹೇಳ್ತಾರೆ. ನನಗೆ ಹಾಗನಿಸಲ್ಲ. ಸೂರಕ್ಕಿ ನಿಮ್ಮ ಬಾಲ್ಕನಿಗೇ ಬರುತ್ತೆ. ಹೆಣ್ಣು ಜೇಡರ ಬಲೆ, ತೊಗಟೆ ಚೂರು, ಒಣ ಎಲೆ ಸೇರಿಸಿ ಬಟ್ಟೆ ಒಣಗಿಸೋ ತಂತಿಗೆ ಚೀಲದಂಥ ಗೂಡು ನೇತುಹಾಕುತ್ತೆ. ಮಾವಿನ ಮರಕ್ಕೆ ಹತ್ತಿಕೊಳ್ಳೋ ಬದನಿಕೆಯ ಹೂವಿಗೆ ಪರಾಗಸ್ಪರ್ಶ ಮಾಡೋದರಲ್ಲಿ ಇದರ ಪಾಲು ದೊಡ್ಡದು. ಪೂರ್ಣಚಂದ್ರ ತೇಜಸ್ವಿಯವರ 'ಹಕ್ಕಿ ಪುಕ್ಕ' ಕನ್ನಡದಲ್ಲಿ ಬಂದು ಎಷ್ಟು ವರ್ಷವಾಯ್ತು, ಹಕ್ಕಿಗಳಿಗೆ ನಮ್ಮದೇ ಹೆಸರುಗಳು ಎಷ್ಟೊಂದಿವೆ. ಇಷ್ಟಿದ್ದೂ ಅದನ್ನು ಅಮೆರಿಕದ ಹಕ್ಕಿಯ ಹೆಸರಲ್ಲಿ ಕರೆದ ಮೇಲೇ ನಮಗೆ ಅದು ಫೋಟೋಕ್ಕೆ ಯೋಗ್ಯ ಅನಿಸುತ್ತೆ ಅಂದ್ರೆ ಏನರ್ಥ? ಮನೆ ಬಾಗಿಲಿಗೆ ಬಂದದ್ದು ಲೆಕ್ಕಕ್ಕಿಲ್ಲ. ದೂರದ್ದು ಬೇಕು, ಅಪರೂಪದ್ದು ಬೇಕು, ದುಡ್ಡು ಕೊಟ್ಟು ನೋಡುವಂಥದ್ದು ಬೇಕು.

ನನ್ನ ತಕರಾರು ಈ 'ಅಪರೂಪ'ದ ಮೇಲೆ.

ಬೆಂಗಳೂರಿನ ಐಟಿ ಕಂಪನಿಗಳಲ್ಲಿ ಈಗ ಮ್ಯಾರಥಾನ್ ಆದಮೇಲೆ ಬಂದ ಹುಚ್ಚು ಹಕ್ಕಿ ಫೋಟೋಗ್ರಫಿ. ತಪ್ಪೇನಿಲ್ಲ. ಶನಿವಾರ ಹನ್ನೊಂದಕ್ಕೆ ಏಳೋರು ಐದಕ್ಕೆ ಎದ್ದು ಕಾಡಿಗೆ ಹೋಗ್ತಾರೆ ಅಂದ್ರೆ ಅವರ ಅವ್ವ-ಅಪ್ಪ ಹರಕೆ ತೀರಿಸಬೇಕು. ಆದರೆ ಈ ಗೈಡೆಡ್ ಟ್ರಿಪ್ಪುಗಳು ನಡೆಯೋ ರೀತಿ ನೋಡಿದೀರಾ? ಹೋದ ಚಳಿಗಾಲ ಘಟ್ಟದ ಕಡೆ ಅಂಥದೊಂದಕ್ಕೆ ನಮ್ಮ ಆಫೀಸಿನ ಎಂಟು ಜನ ಹೋಗಿದ್ವಿ. ಹೊರಡೋ ಮೊದಲೇ ವಾಟ್ಸಾಪಲ್ಲಿ 'ಟಾರ್ಗೆಟ್ ಲಿಸ್ಟ್' ಬಂತು. ಹನ್ನೆರಡು ಹೆಸರು. ಟ್ರೋಗನ್, ಫ್ರಾಗ್‌ಮೌತ್, ಪಶ್ಚಿಮ ಘಟ್ಟ ಬಿಟ್ಟು ಬೇರೆಲ್ಲೂ ಸಿಗದ ಕೆಂಬೆನ್ನಿನ ಸೂರಕ್ಕಿ. ಯಾವ ಹಕ್ಕಿ ಎಷ್ಟು ಗಂಟೆಗೆ, ಯಾವ ಕೊಂಬೆಗೆ ಅನ್ನೋ ತನಕ ಪ್ಲಾನ್. ಸ್ಪ್ರಿಂಟ್ ಪ್ಲಾನಿಂಗಿಗೂ ಇದಕ್ಕೂ ವ್ಯತ್ಯಾಸ ಒಂದೇ, ಇದರಲ್ಲಿ ಡೆಲಿವರಿ ಆಗದಿದ್ದರೆ ಬೈಸಿಕೊಳ್ಳೋದು ನಾವಲ್ಲ, ಗೈಡು.

ಗೈಡ್ ಅದೇ ಸೀಮೆಯ ಹುಡುಗ, ಇಪ್ಪತ್ತೆರಡು-ಇಪ್ಪತ್ಮೂರು ಇರಬಹುದು. ಕಿವಿ ಅಂದ್ರೆ ಕಿವಿ. ನಮಗೆ ಬರೀ ಗದ್ದಲ ಕೇಳುವಲ್ಲಿ ಅವನು ನಾಲ್ಕು ಹಕ್ಕಿ ಬೇರೆ ಬೇರೆ ಮಾಡಿ ಹೇಳ್ತಿದ್ದ. ಆದರೆ ಅವನಿಗೆ ಆ ಕಿವಿ ಬಳಸೋ ಅವಕಾಶವೇ ಸಿಗಲಿಲ್ಲ. ಹತ್ತು ನಿಮಿಷ ಹಕ್ಕಿ ಬರದಿದ್ದರೆ ನಮ್ಮಲ್ಲೊಬ್ಬರು 'ಬಾಸ್, ಕಾಲ್ ಹಾಕಿ' ಅನ್ನೋರು. ಅವನು ಜೇಬಿಂದ ಬ್ಲೂಟೂತ್ ಸ್ಪೀಕರ್ ತೆಗೆದು ಗಂಡು ಹಕ್ಕಿಯ ಕೂಗು ಹಚ್ಚೋನು. ಅಲ್ಲಿ ಮೊದಲೇ ಸಂಸಾರ ಹೂಡಿದ್ದ ಗಂಡು ತನ್ನ ಜಾಗಕ್ಕೆ ಯಾರೋ ಕಳ್ಳ ನುಗ್ಗಿದಾನೆ ಅಂತ, ಹುಳ ಹಿಡಿಯೋದು ಬಿಟ್ಟು, ಗೂಡು ಕಾಯೋದು ಬಿಟ್ಟು ಓಡಿಬರ್ತಿತ್ತು. ಬಂದು ನೋಡಿದರೆ ಯಾರೂ ಇಲ್ಲ. ಎಂಟು ಕ್ಯಾಮೆರಾ, ಸೆಕೆಂಡಿಗೆ ಇಪ್ಪತ್ತು ಫ್ರೇಮು. ನಾವು ಹೋದ ಅರ್ಧ ಗಂಟೆಗೆ ಇನ್ನೊಂದು ಜೀಪು, ಅದೇ ಕೊಂಬೆ, ಅದೇ ಸ್ಪೀಕರು.

ನಿಮ್ಮ ಮನೆಗೆ ದಿನಕ್ಕೆ ಹದಿನೈದು ಸಲ ಯಾರೋ ಬೆಲ್ ಹೊಡೆದು ಓಡಿಹೋದರೆ ಎಷ್ಟು ದಿನ ಸಹಿಸ್ತೀರಿ?

ಗೂಡಿನ ಫೋಟೋ ಇದಕ್ಕಿಂತ ಕೆಟ್ಟದು. ಗೂಡು ಫ್ರೇಮಿಗೆ ಸರಿಯಾಗಿ ಕಾಣಲಿ ಅಂತ ಸುತ್ತಲ ಎಲೆ, ಕಡ್ಡಿ ಕತ್ತರಿಸ್ತಾರೆ. ಕತ್ತರಿಸಿದ ಜಾಗದಿಂದ ನಮ್ಮ ಲೆನ್ಸ್ ನೋಡಿದ ಹಾಗೇ ಕಾಗೆಯೂ ನೋಡುತ್ತೆ, ಬಿಸಿಲೂ ನೋಡುತ್ತೆ. ಇಲ್ಲಿ ಒಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ 'ಬೇಟೆ' ಅನ್ನೋ ಪದಕ್ಕೆ ಕೊಟ್ಟ ವ್ಯಾಖ್ಯಾನದಲ್ಲಿ ಕೊಲ್ಲೋದು, ಹಿಡಿಯೋದು ಮಾತ್ರ ಇಲ್ಲ; ಕಾಡುಹಕ್ಕಿಯ ಮೊಟ್ಟೆಗೆ, ಗೂಡಿಗೆ ತೊಂದರೆ ಕೊಡೋದೂ ಇದೆ. ಅಂದ್ರೆ ಗೂಡಿನ ಎಲೆ ಸವರಿ ಫೋಟೋ ಹೊಡೆದವನು ಕಾಯ್ದೆಯ ಕಣ್ಣಲ್ಲಿ ಬಲೆ ಹಾಕಿದವನ ಸಾಲಲ್ಲೇ ನಿಲ್ತಾನೆ. ಬಲೆ ಹಾಕಿದವನು ಹೊಟ್ಟೆಪಾಡಿಗೆ ಹಾಕಿರ್ತಾನೆ. ನಾವು ಲೈಕಿಗೆ.

ಗೈಡ್ ಹುಡುಗನನ್ನ ಬೈಬೇಡಿ. ಅವನ ಟಿಪ್ಸು, ಅವನ ಗೂಗಲ್ ರಿವ್ಯೂ, ಮುಂದಿನ ವಾರ ಅವನನ್ನ ಕರೀತಾರಾ ಇಲ್ಲವಾ, ಎಲ್ಲ ನಿಂತಿರೋದು ನಮ್ಮ ಲಿಸ್ಟಿನಲ್ಲಿ ಎಷ್ಟು ಟಿಕ್ ಬಿತ್ತು ಅನ್ನೋದರ ಮೇಲೆ. ಹನ್ನೆರಡರಲ್ಲಿ ಏಳೇ ಸಿಕ್ಕವು ಅಂತ ವಾಪಸ್ ಬರೋವಾಗ ಗಾಡಿಯಲ್ಲಿ 'ಪೈಸಾ ವಸೂಲ್ ಆಗಲಿಲ್ಲ' ಅಂದ ಮಹಾನುಭಾವರಿದ್ದರು. ಟಿಕೆಟ್ ಕ್ಲೋಸ್ ಮಾಡೋ ಒತ್ತಡಕ್ಕೆ ಟೆಸ್ಟ್ ಮಾಡದೆ ಕೋಡ್ ತಳ್ಳೋದು ನಮಗೇನು ಹೊಸದಾ? ಅದೇ ಒತ್ತಡವನ್ನ ಆ ಹುಡುಗನ ಮೇಲೆ ಹೇರಿ, ಆಮೇಲೆ ಎಥಿಕ್ಸ್ ಬಗ್ಗೆ ರೀಲ್ ಮಾಡ್ತೀವಿ.

ಇದಕ್ಕೆ ಒಂದು ಉತ್ತರ ರೆಡಿ ಇರುತ್ತೆ. 'ನಾವು ಹೋಗೋದರಿಂದಲೇ ಅಲ್ಲಿನವರಿಗೆ ದುಡ್ಡು, ದುಡ್ಡು ಇರೋದರಿಂದಲೇ ಕಾಡು ಉಳಿದಿದೆ.' ಇದು ಸುಳ್ಳಲ್ಲ. ನಿಜವಾದ ಹಮ್ಮಿಂಗ್ ಬರ್ಡ್ ನಾಡಾದ ಎಕ್ವಡಾರ್‌ನಲ್ಲಿ ಏಂಜೆಲ್ ಪಾಜ್ ಅಂತ ಒಬ್ಬ ರೈತ ಇದಾನೆ. ತನ್ನ ಜಮೀನಿನ ಕಾಡಿನಲ್ಲಿ, ಯಾರಿಗೂ ಸುಲಭಕ್ಕೆ ಕಾಣದ ಆಂಟ್‌ಪಿಟ್ಟ ಅನ್ನೋ ನಾಚಿಕೆ ಹಕ್ಕಿಗೆ ದಿನಾ ಎರೆಹುಳ ಹಾಕಿ ಹಾಕಿ, ಹೆಸರು ಹಿಡಿದು ಕರೆದರೆ ಬರೋ ಹಾಗೆ ಮಾಡಿದ. ಮರ ಕಡಿಯೋದಕ್ಕಿಂತ ಹಕ್ಕಿ ತೋರಿಸೋದರಲ್ಲೇ ಹೆಚ್ಚು ಗಿಟ್ಟುತ್ತೆ ಅಂತ ಗೊತ್ತಾದ ಮೇಲೆ ಕಾಡು ಉಳಿಯಿತು. ಪ್ರಪಂಚದ ಎಲ್ಲ ಕಡೆಯಿಂದ ಜನ ಹೋಗ್ತಾರೆ. ಹಕ್ಕಿಗೆ ಹುಳ ಹಾಕಿ ಪಳಗಿಸೋದು ಸರಿಯಾ ಅನ್ನೋದು ಬೇರೆ ಜಗಳ, ಅದನ್ನ ಇವತ್ತು ಆಡಲ್ಲ. ಆದರೆ ಗಮನಿಸಿ: ಕಾಡು ಅವನದು. ದುಡ್ಡು ಅವನ ಕೈಗೇ ಬರುತ್ತೆ. ಎಷ್ಟು ಜನ ಬರಬೇಕು, ಎಲ್ಲಿ ನಿಲ್ಲಬೇಕು, ಯಾವಾಗ 'ಇವತ್ತು ಸಾಕು' ಅನ್ನಬೇಕು ಅನ್ನೋದು ಅವನ ಮಾತು. ನಮ್ಮಲ್ಲಿ ಹಕ್ಕಿ ಕಂಡವನು ದಿನಗೂಲಿ, ಸ್ಪೀಕರ್ ಹಚ್ಚು ಅಂದವನು ಗಿರಾಕಿ, ಬಿಲ್ ಹೋಗೋದು ಮೂರನೆಯವನಿಗೆ. ಎಕ್ವಡಾರ್ ಮಾಡೆಲ್ ಅಂತ ಅದಕ್ಕೆ ಹೆಸರಿಟ್ಟರೆ ಆಗಲ್ಲ.

ಈಗ ನಮ್ಮೂರಿಗೆ ಬರ್ತೀನಿ. ಮೇಡ್ಲೇರಿ. ಹಾವೇರಿ ಜಿಲ್ಲೆ, ರಾಣೆಬೆನ್ನೂರು ತಾಲೂಕು. ಬರ್ಡಿಂಗ್ ಟೂರಿನ ಯಾವ ಬ್ರೋಷರಿನಲ್ಲೂ ನಾನು ಈ ಹೆಸರು ನೋಡಿಲ್ಲ. ಎರಿ ಹೊಲ, ಮಸಾರಿ ಹೊಲ, ಗೋವಿನಜೋಳ, ಹತ್ತಿ, ಕುರಿ. ತಾಲೂಕಿನ ಅಂಚಿಗೆ ತುಂಗಭದ್ರೆ. ಬೇಸಿಗೆಯಲ್ಲಿ ಬಂದ ನನ್ನ ಬೆಂಗಳೂರಿನ ಗೆಳೆಯ ಬಸ್ಸಿಂದ ಇಳಿದು ಸುತ್ತ ನೋಡಿ 'ಇಲ್ಲೇನೂ ಇಲ್ವಲ್ಲೋ' ಅಂದಿದ್ದ. ಅವನದೇನೂ ತಪ್ಪಿಲ್ಲ, ಸರ್ಕಾರವೂ ಇಂಥ ನೆಲವನ್ನ ನೋಡಿ ಅದನ್ನೇ ಅಂದಿದೆ. ದೇಶದ ವೇಸ್ಟ್‌ಲ್ಯಾಂಡ್ ಅಟ್ಲಾಸ್ ತೆಗೆದು ನೋಡಿ. ಹುಲ್ಲುಗಾವಲು, ಕುರುಚಲು ಇರೋ ಬಯಲು ಎಷ್ಟೋ ಕಡೆ 'ಪಾಳು' ಅನ್ನೋ ಲೆಕ್ಕಕ್ಕೇ ಸೇರಿದೆ.

ಈ 'ಏನೂ ಇಲ್ಲ'ದ ನೆಲದಲ್ಲೇ ಎರೆಭೂತ ಇತ್ತು. ಇಂಗ್ಲಿಷಿನಲ್ಲಿ ಗ್ರೇಟ್ ಇಂಡಿಯನ್ ಬಸ್ಟರ್ಡ್. ಕನ್ನಡದಲ್ಲೇ ಇನ್ನೊಂದು ಹೆಸರು ದೊರವಾಯನ ಹಕ್ಕಿ. ಸುಮಾರು ಒಂದು ಮೀಟರ್ ಎತ್ತರ, ಗಂಡು ಹದಿನೈದು ಕಿಲೋ ತನಕ ತೂಗುತ್ತೆ. ಹಾರಬಲ್ಲ ಹಕ್ಕಿಗಳಲ್ಲಿ ಪ್ರಪಂಚದಲ್ಲೇ ಅತಿ ಭಾರದವುಗಳಲ್ಲಿ ಒಂದು. ಮರದ ಮೇಲೆ ಕೂರಲ್ಲ. ಬಯಲಲ್ಲಿ ನೆಲದ ಮೇಲೆ, ಸಾಮಾನ್ಯವಾಗಿ ಒಂದೇ ಒಂದು ಮೊಟ್ಟೆ ಇಡುತ್ತೆ. ದೂರದ ತನಕ ಕಣ್ಣು ಹಾಯೋ ಬಯಲು ಇಲ್ಲದಿದ್ದರೆ ಅದು ಬದುಕಲ್ಲ.

ನಮ್ಮ ದೊಡ್ಡಪ್ಪ ಕುರಿ ಕಾಯ್ದವನು. ಅವನನ್ನ ಒಮ್ಮೆ ಕೇಳಿದ್ದೆ, 'ನೀ ಎರಿಭೂತ ನೋಡೀಯೇನ್ ದೊಡ್ಡಪ್ಪಾ?' ಅಂತ.

'ನೋಡೇನಿ ತಗೋ. ದೂರದಿಂದ ಯಾರೋ ಮನಷ್ಯಾ ಹೊಲದಾಗ ನಿಂತಾನ ಅನ್ಸೂದು. ಸಮೀಪ ಹೋದ್ರ ನಡಕೋತ ನಡಕೋತ ಹೋಗಿಬಿಡೂದು, ಲಗೂನ ಹಾರೂದಿಲ್ಲ. ಅದಕ್ಕ ಭೂತ ಅಂತಿದ್ವಿ.'

'ಈಗ್ಯಾಕ ಇಲ್ಲ?'

'ನಿಂದ್ರಾಕ ಜಾಗಾ ಎಲ್ಲೈತೋ ತಮ್ಮಾ? ಎಲ್ಲಾ ಕಡೆ ಗಿಡಾ ಹಚ್ಚಿದ್ರಲ್ಲ.'

ಎಲ್ಲಾ ಕಡೆ ಗಿಡ ಹಚ್ಚಿದ್ದಕ್ಕೆ ಹಕ್ಕಿ ಹೋಯ್ತು. ಬೆಂಗಳೂರಿನಲ್ಲಿ ಈ ಮಾತು ಹೇಳಿದರೆ ಜನ ನನ್ನ ಮುಖ ನೋಡ್ತಾರೆ. ಗಿಡ ಹಚ್ಚೋದು ಪುಣ್ಯದ ಕೆಲಸ ಅಲ್ವಾ?

ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ ಘೋಷಣೆಯಾಗಿದ್ದು 1974ರಲ್ಲಿ. 119 ಚದರ ಕಿಲೋಮೀಟರ್. ಕೃಷ್ಣಮೃಗಕ್ಕೆ ನಮ್ಮ ಕಡೆ ಚಿಗರಿ ಅಂತಾರೆ. ಚಿಗರಿಯೂ ಎರೆಭೂತವೂ ಎರಡೂ ಹುಲ್ಲಿನ ಬಯಲಿನ ಜೀವಗಳು. ಆದರೆ ಆ ಧಾಮದೊಳಗೆ ಬಹುಪಾಲು ನಿಂತದ್ದು ನೀಲಗಿರಿ ತೋಪು. ಸಾಲಿಗೆ ಸಾಲು, ಅಡಿಯಲ್ಲಿ ಹುಲ್ಲು ಸರಿಯಾಗಿ ಬೆಳೆಯದ ನೀಲಗಿರಿ. ಚಿಗರಿ ಹೇಗೋ ಹೊಂದಿಕೊಂಡವು. ಹಗಲು ತೋಪಲ್ಲಿ ಅಡಗಿ, ರಾತ್ರಿ ರೈತರ ಹೊಲಕ್ಕೆ ನುಗ್ಗಿ ಮೇಯೋದು ಕಲಿತವು. ಹುಲ್ಲು ಕಿತ್ತುಕೊಂಡದ್ದರ ಬೆಲೆಯನ್ನ ಕೊನೆಗೆ ಕಟ್ಟಿದ್ದು ಸುತ್ತಲ ಹಳ್ಳಿಯ ರೈತ, ಮೊಳಕೆ ಒಡೆದ ಬೆಳೆಯಲ್ಲಿ. ಎರೆಭೂತಕ್ಕೆ ಹೊಂದಿಕೊಳ್ಳೋದು ಗೊತ್ತಿರಲಿಲ್ಲ. ಅದು ಸುಮ್ಮನೆ ಇಲ್ಲವಾಯ್ತು. ಯಾರೂ ಬೇಟೆಗೆ ಹೊಂಚು ಹಾಕಿ ಮುಗಿಸಬೇಕಾದ ಅಗತ್ಯವೇ ಬೀಳಲಿಲ್ಲ. ಬೇಟೆ ನಡೆದಿಲ್ಲ ಅಂತಲ್ಲ, ನಡೆದಿದೆ. ಆದರೆ ನೆಲ ಉಳಿದಿದ್ದರೆ ಬೇಟೆಯನ್ನ ತಡೆಯೋಕೆ ಒಂದು ಅರ್ಥವಾದರೂ ಇರ್ತಿತ್ತು.

ಇದು ನಮ್ಮ ತಾಲೂಕಿನ ಕತೆ ಮಾತ್ರ ಅಲ್ಲ. 1984ರಲ್ಲಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಅಂತ ಸರ್ಕಾರ ಮತ್ತು ಹರಿಹರ ಪಾಲಿಫೈಬರ್ಸ್ ಸೇರಿ ಒಂದು ಕಂಪನಿ ಮಾಡಿದವು. ಹಳ್ಳಿಯ ಜನ ದನ ಮೇಯಿಸ್ತಿದ್ದ, ಸೌದೆ ತರ್ತಿದ್ದ ಸುಮಾರು 75,000 ಎಕರೆ ಸಾರ್ವಜನಿಕ ನೆಲದಲ್ಲಿ ಕಾರ್ಖಾನೆಗೆ ಬೇಕಾದ ನೀಲಗಿರಿ ಬೆಳೆಯೋ ಯೋಜನೆ. 1987ರ ನವೆಂಬರ್ 14ರಂದು ಈಗಿನ ಹಾವೇರಿ ಜಿಲ್ಲೆಯ ಕುಸನೂರಿನಲ್ಲಿ ಜನ ಸೇರಿ ನೀಲಗಿರಿ ಸಸಿ ಕಿತ್ತು, ಆ ಜಾಗದಲ್ಲಿ ತಮಗೆ ಬೇಕಾದ ಗಿಡ ನೆಟ್ಟರು. ಸಮಾಜ ಪರಿವರ್ತನ ಸಮುದಾಯದ 'ಕಿತ್ತಿಕೋ-ಹಚ್ಚಿಕೋ' ಸತ್ಯಾಗ್ರಹ. ಎಸ್.ಆರ್. ಹಿರೇಮಠರು ಮುಂದಿದ್ದರು. ಸುಪ್ರೀಂ ಕೋರ್ಟಿಗೆ ಹೋದವರಲ್ಲಿ ಶಿವರಾಮ ಕಾರಂತರೂ ಒಬ್ಬರು. 1991ರಲ್ಲಿ ಆ ಕಂಪನಿ ಬಾಗಿಲು ಹಾಕಿತು. ಹೊಸದಾಗಿ ನೀಲಗಿರಿ ನೆಡೋದನ್ನೇ ಸರ್ಕಾರ ನಿಷೇಧಿಸೋ ಹೊತ್ತಿಗೆ 2017 ಬಂದಿತ್ತು. ನನ್ನ ವಯಸ್ಸಿನವರಿಗೆ, ಅದೂ ಇದೇ ಜಿಲ್ಲೆಯಿಂದ ಬೆಂಗಳೂರಿಗೆ ಬಂದವರಿಗೆ, ಕುಸನೂರು ಅಂದ್ರೆ ಏನೂ ನೆನಪಾಗಲ್ಲ. ಕೋಸ್ಟರಿಕಾದಲ್ಲಿ ಯಾವ ತಿಂಗಳು ಯಾವ ಹಮ್ಮಿಂಗ್ ಬರ್ಡ್ ಅಂತ ಕೇಳಿ, ಹೇಳ್ತಾರೆ.

ಬೈಸಿಕೊಳ್ಳೋಕೆ ಬರೀ ಅರಣ್ಯ ಇಲಾಖೆ ಸಿಕ್ಕಿತು ಅಂತ ಖುಷಿಪಡಬೇಡಿ. ವರ್ಷಕ್ಕೊಮ್ಮೆ ನಮ್ಮ ಕಂಪನಿಗಳಲ್ಲಿ ಸಿಎಸ್‌ಆರ್ ದಿನ ಇರುತ್ತಲ್ಲ. ಹಸಿರು ಟೀ-ಶರ್ಟು, ಎಸಿ ಬಸ್ಸು, ಊರಾಚೆಯ ಒಂದು 'ಖಾಲಿ' ಬಯಲು, ಐನೂರು ಸಸಿ, ಗ್ರೂಪ್ ಫೋಟೋ, ಆಮೇಲೆ ಬಿರಿಯಾನಿ. ಆ ಬಯಲಲ್ಲಿ ನೆಲಗುಬ್ಬಿ ಗೂಡು ಮಾಡಿತ್ತಾ, ಟಿಟ್ಟಿಭ ಕಲ್ಲಿನ ನಡುವೆ ಕಲ್ಲಿನಂಥದೇ ಮೊಟ್ಟೆ ಇಟ್ಟಿತ್ತಾ ಅಂತ ಒಬ್ಬನಾದರೂ ಕೇಳಿದ್ದು ನಾನು ನೋಡಿಲ್ಲ. ಮರ ಇದ್ದರೆ ಪ್ರಕೃತಿ, ಮರ ಇಲ್ಲದಿದ್ದರೆ ಖಾಲಿ ಸೈಟು. ಕಾಡಿನ ಹಕ್ಕಿಯ ಫೋಟೋಕ್ಕೆ ಮೂರು ಲಕ್ಷದ ಲೆನ್ಸ್ ತಗೊಂಡವನೇ ಬಯಲಿನ ಹಕ್ಕಿಯ ಮನೆ ಮೇಲೆ ಗುದ್ದಲಿ ಹಿಡಿದು ನಿಂತಿರ್ತಾನೆ, ನಗ್ತಾ.

ಮತ್ತೆ ಎರೆಭೂತ ಅಪರೂಪ ಆಯ್ತು ನೋಡಿ, ಈಗ ಅದಕ್ಕೂ ಟೂರ್ ಇದೆ. ದೇಶದಲ್ಲೆಲ್ಲಾ ಸೇರಿ ಬಯಲಲ್ಲಿ ಉಳಿದಿರೋದು 150ರ ಒಳಗೆ ಅಂತ ಅಂದಾಜು, ಹೆಚ್ಚೂಕಮ್ಮಿ ಎಲ್ಲ ರಾಜಸ್ಥಾನದ ಜೈಸಲ್ಮೇರ್ ಕಡೆ. ನಮ್ಮ ರಾಜ್ಯದಲ್ಲಿ ಸಿರುಗುಪ್ಪದ ಎರಿ ಹೊಲಗಳಲ್ಲಿ ಬೆರಳೆಣಿಕೆ. 2011ರಿಂದ ಐಯುಸಿಎನ್ ಪಟ್ಟಿಯಲ್ಲಿ ಇದು ಅಳಿವಿನ ಕೊನೆಯ ಮೆಟ್ಟಿಲಲ್ಲಿದೆ. ರಾಷ್ಟ್ರಪಕ್ಷಿ ಯಾವುದಾಗಬೇಕು ಅನ್ನೋ ಚರ್ಚೆ ನಡೆದಾಗ ಸಲೀಂ ಅಲಿಯವರು ಇದರ ಪರ ಇದ್ದರು. 1963ರಲ್ಲಿ ನವಿಲು ಗೆದ್ದಿತು. ಇಂಗ್ಲಿಷಿನಲ್ಲಿ ಇದರ ಹೆಸರನ್ನ ಯಾರಾದರೂ ತಪ್ಪಾಗಿ ಬರೆದರೆ ಬೈಗುಳ ಆಗುತ್ತೆ ಅಂತ ಹೆದರಿ ಕೈಬಿಟ್ಟರು ಅಂತ ಒಂದು ಮಾತಿದೆ. ಎರೆಭೂತ ಅಂತಲೇ ಇಟ್ಟಿದ್ದರೆ ಆ ತೊಂದರೆ ಇರ್ತಿರಲಿಲ್ಲ! ಈ ಹಕ್ಕಿಗೆ ಮುಂದಿನ ದೃಷ್ಟಿ ಕಡಿಮೆ, ಮೈ ಭಾರ. ಎದುರಿಗೆ ಕರೆಂಟ್ ತಂತಿ ಕಾಣೋ ಹೊತ್ತಿಗೆ ತಿರುಗಿಕೊಳ್ಳೋಕೆ ಆಗಲ್ಲ. 2021ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಅದರ ನೆಲೆಗಳಲ್ಲಿ ತಂತಿಗಳನ್ನ ನೆಲದಡಿ ಹಾಕಿ ಅಂತ ಆದೇಶ ಮಾಡಿತು. 2024ರ ಮಾರ್ಚ್‌ನಲ್ಲಿ ಆ ಆದೇಶವನ್ನ ಸಡಿಲ ಮಾಡಿ ತಜ್ಞರ ಸಮಿತಿಗೆ ವಹಿಸಿತು. ಸೋಲಾರ್, ಗಾಳಿ ವಿದ್ಯುತ್ತಿನ ತಂತಿಗಳು. ನಮ್ಮ ಡೇಟಾ ಸೆಂಟರುಗಳು 'ಗ್ರೀನ್ ಎನರ್ಜಿ' ಅಂತ ಬೋರ್ಡು ಹಾಕಿಕೊಳ್ಳೋದು ಇಂಥ ಕರೆಂಟಿನ ಹೆಸರಲ್ಲೇ. ಸೋಲಾರ್ ಬೇಡ ಅಂತ ನಾನು ಹೇಳ್ತಿಲ್ಲ. ಹಾಕೋಕೆ ಜಾಗ ಹುಡುಕುವಾಗ ಎಲ್ಲರ ಬೆರಳೂ ಹೋಗಿ ನಿಲ್ಲೋದು ಮತ್ತೆ ಅದೇ 'ಪಾಳು' ನೆಲದ ಮೇಲೆ ಅಂತ ಹೇಳ್ತಿದೀನಿ.

ಹೀಗೆ ನೆಲ ತೆಗೀತೀವಿ, ಹಕ್ಕಿ ಅಪರೂಪ ಆಗುತ್ತೆ, ಅಪರೂಪ ಆದ ಮೇಲೆ ಅದರ ರೇಟ್ ಏರುತ್ತೆ, ಆಮೇಲೆ ಉಳಿದ ನಾಲ್ಕರ ಹಿಂದೆ ಜೀಪು ಓಡಿಸ್ತೀವಿ. ಇದನ್ನ ಹವ್ಯಾಸ ಅಂತೀರೋ ಏನಂತೀರೋ ನೀವೇ ನೋಡಿಕೊಳ್ಳಿ.

ಹಕ್ಕಿ ಗೊತ್ತಿರೋದು ಯಾರಿಗೆ ಅನ್ನೋದಕ್ಕೆ ಒಂದು ಹಳೇ ಪ್ರಸಂಗ. ಜೆರ್ಡನ್ಸ್ ಕೋರ್ಸರ್ ಅಂತ ಒಂದು ರಾತ್ರಿ ಸಂಚಾರಿ ಬಯಲುಹಕ್ಕಿ. 1900ರ ನಂತರ ಕಂಡೇ ಇಲ್ಲ, ಮುಗಿದುಹೋಯ್ತು ಅಂತ ಪುಸ್ತಕಗಳು ಬರೆದಿಟ್ಟಿದ್ದವು. 1986ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಭರತ್ ಭೂಷಣ್ ಅದನ್ನ ಆಂಧ್ರದ ಕಡಪಾ ಜಿಲ್ಲೆಯಲ್ಲಿ ಮತ್ತೆ ಪತ್ತೆ ಮಾಡಿದರು. ಟಾರ್ಚ್ ಬೆಳಕಲ್ಲಿ ಅದನ್ನ ಕೈಯಾರೆ ಹಿಡಿದದ್ದು ಐತಣ್ಣ ಅನ್ನೋ ಅಲ್ಲಿನ ಬೇಟೆಗಾರ. ಪುಸ್ತಕಕ್ಕೆ ಸತ್ತುಹೋಗಿದ್ದ ಹಕ್ಕಿ ಅವನಿಗೆ ಗೊತ್ತಿತ್ತು. ಆ ಹಕ್ಕಿ ಹಿಡಿದ ಮೇಲೆ ಬದುಕಲಿಲ್ಲ, ಅದೂ ಈ ಕತೆಯೊಳಗೇ ಇದೆ. ನಮ್ಮ ಕಡೆ ಕಂಬಳಿ ಹೊದ್ದು ಹೊಲದಲ್ಲಿ ಕುರಿ ತರುಬೋ ಎಷ್ಟು ಜನಕ್ಕೆ ಯಾವ ತಗ್ಗಿನಲ್ಲಿ ಯಾವ ಹಕ್ಕಿ ಮೊಟ್ಟೆ ಇಡುತ್ತೆ, ಯಾವ ದಾರಿಯಲ್ಲಿ ತೋಳ ಬರುತ್ತೆ ಅಂತ ಗೊತ್ತಿದೆ. ಅವರನ್ನ ಕೇಳೋ ಆ್ಯಪ್ ಇನ್ನೂ ಯಾರೂ ಮಾಡಿಲ್ಲ. ಅವರ ಮಕ್ಕಳು ಬೆಂಗಳೂರಲ್ಲಿ ಡೆಲಿವರಿ ಬ್ಯಾಗ್ ಹೊತ್ತು ಓಡಾಡ್ತಿದಾರೆ.

ಏನು ಮಾಡೋಣ ಹೇಳಿ ಅಂತೀರಿ. ಗೈಡಿಗೆ ಬುಕಿಂಗ್ ಮಾಡುವಾಗಲೇ ಹೇಳಿ: ಸ್ಪೀಕರ್ ಬೇಡ, ಗೂಡು ಬೇಡ, ಒಂದೂ ಹಕ್ಕಿ ಸಿಗದಿದ್ದರೂ ಪೂರ್ತಿ ದುಡ್ಡು ಮತ್ತು ಐದು ಸ್ಟಾರು. ಈ ಒಂದು ಸಾಲು ವಾಟ್ಸಾಪಲ್ಲಿ ಕಳಿಸಿದರೆ ಆ ಹುಡುಗನ ಹೆಗಲಿಂದ ಎಷ್ಟು ಭಾರ ಇಳಿಯುತ್ತೆ ಅಂತ ನಿಮಗೆ ಅಂದಾಜಿಲ್ಲ. ಅಪಾಯದಲ್ಲಿರೋ ಹಕ್ಕಿಯ ಫೋಟೋ ಜತೆ ಲೊಕೇಶನ್ ಹಾಕಬೇಡಿ. ಇ-ಬರ್ಡ್‌ನಂಥ ತಾಣಗಳೇ ಕೆಲವು ಹಕ್ಕಿಗಳ ನಿಖರ ಜಾಗವನ್ನ ಮರೆಮಾಡ್ತವೆ, ನಿಮಗೇನು ಅವಸರ? ಸಿಎಸ್‌ಆರ್ ತಂಡದಲ್ಲಿ ನೀವಿದ್ದರೆ ಸಸಿ ನೆಡೋ ಮೊದಲು ಆ ಊರಿನ ಕುರಿಗಾರನನ್ನ ಒಂದು ಮಾತು ಕೇಳಿ. ಅವನು ಬೇಡ ಅಂದರೆ ಸಸಿಗಳನ್ನ ಆಫೀಸಿನ ಪಾರ್ಕಿಂಗ್ ಲಾಟಿನಲ್ಲಿ ನೆಡಿ, ಅಲ್ಲಿ ನಿಜವಾಗಲೂ ನೆರಳು ಬೇಕಾಗಿದೆ.

ಮತ್ತೆ, ಒಂದು ಸಲ ಮೇಡ್ಲೇರಿಗೆ ಬನ್ನಿ. ಬೆಂಗಳೂರಿಂದ ಹುಬ್ಬಳ್ಳಿ ಕಡೆ ಹೋಗೋ ರೈಲು ಹತ್ತಿ ರಾಣೆಬೆನ್ನೂರಲ್ಲಿ ಇಳಿದು, ಅಲ್ಲಿಂದ ಬಸ್ಸು. ಮುಂಗಾರು ಹಿಡಿದ ಮೇಲಾದರೆ ಒಳ್ಳೇದು, ಎರಿ ಮಣ್ಣು ಚಪ್ಪಲಿಗೆ ಎರಡು ಕಿಲೋ ಮೆತ್ತಿಕೊಳ್ಳುತ್ತೆ ಅನ್ನೋದು ಬಿಟ್ಟರೆ. ದೊಡ್ಡಪ್ಪನ ಜತೆ ಬೆಳಿಗ್ಗೆ ಒಂದು ಸುತ್ತು ನಡೀರಿ. ಟಿಟ್ಟಿಭ ಬೈಯುತ್ತೆ, ನೆಲಗುಬ್ಬಿ ಮೇಲಕ್ಕೆ ಹಾರಿ ಹಾಡಿ ಕಲ್ಲಿನ ಹಾಗೆ ಕೆಳಗೆ ಬೀಳುತ್ತೆ, ಚಿಗರಿ ಸಿಕ್ಕರೆ ಸಿಕ್ಕಿತು. ಬೇಲಿಯ ದಾಸವಾಳಕ್ಕೆ ಸೂರಕ್ಕಿ ಗ್ಯಾರಂಟಿ. ಎರೆಭೂತ ಇಲ್ಲ, ಅದು ನಿಂತಿರ್ತಿದ್ದ ಜಾಗ ತೋರಿಸ್ತಾನೆ. ಈಗ ಅಲ್ಲಿ ಗೋವಿನಜೋಳ ಇದೆ. ಅವನಿಗೆ ಅರ್ಧ ದಿನದ ಗೈಡ್ ಫೀಸು ಕೊಡಿ, ಘಟ್ಟದಲ್ಲಿ ಕೊಟ್ಟಷ್ಟೇ. 'ಯಾಕಪಾ ಇಷ್ಟು ರೊಕ್ಕ?' ಅಂತ ಅವನು ಕೇಳಿಯೇ ಕೇಳ್ತಾನೆ, ಒತ್ತಾಯ ಮಾಡಿ ಜೇಬಿಗೆ ಇಡಬೇಕಾಗುತ್ತೆ.